ಪಾಸ್‌ವರ್ಡ್ ಸರಿಯಿತ್ತು, ಲಾಗಿನ್ ಆಗಲಿಲ್ಲ

ಕಳೆದ ಕಿರು ಪರೀಕ್ಷೆಯ ದಿನ ಬದಲಾದದ್ದು ಗೊತ್ತಿಲ್ಲದೆ ವಾಡಿ, ಚಿತ್ತಾಪುರದ ಗೆಳೆಯರು ರೈಲಿಗೆ, ಚಿಂಚೋಳಿಯವರು ಬಸ್ಸಿಗೆ ಸೇಡಂಗೆ ಬಂದು ಸುಮ್ಮನೆ ತಿರುಗಿ ಹೋದರಲ್ಲ, ಆ ತಪ್ಪು ನನ್ನದು. ವೇಳಾಪಟ್ಟಿಯನ್ನು ಜಾಲತಾಣಕ್ಕೆ ಏರಿಸಲು ಲ್ಯಾಬಿನ ಕಂಪ್ಯೂಟರಿನಲ್ಲಿ ನಾನೊಂದು ಪಿಎಚ್‌ಪಿ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಸರ್ ಗುಂಡಿ ಒತ್ತಿದರು, "ಏರಿಸಲಾಗಿದೆ" ಎಂದು ಬಂತು. ಕಡತ ಹೋಗಿರಲೇ ಇಲ್ಲ.

ಕಡತ ಸಾಗಿಸುವ ಈ ಪದ್ಧತಿಯ ಹೆಸರು ಎಫ್‌ಟಿಪಿ. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್ ಇದರ ಮೊದಲ ರೂಪವನ್ನು 1971ರಲ್ಲಿ ಬರೆದರು. ನಮ್ಮ ಬಹಳಷ್ಟು ಸರ್‌ಗಳಿಗಿಂತ ಹಳೆಯದು!

'ಎಫ್‌ಟಿಪಿ_ಕನೆಕ್ಟ್' ಎಂದರೆ ಸ್ಕ್ರಿಪ್ಟ್ ಸರ್ವರಿನ 21ನೇ ಪೋರ್ಟ್ ತಟ್ಟುತ್ತದೆ. 'ಎಫ್‌ಟಿಪಿ_ಲಾಗಿನ್' ಹೆಸರು ಕೊಟ್ಟಾಗ ಸರ್ವರ್ 331 ಎನ್ನುತ್ತದೆ, ಅಂದರೆ ಪಾಸ್‌ವರ್ಡ್ ಕೊಡು ಎಂದು. ಸರಿಯಿದ್ದರೆ 230, ಇಲ್ಲದಿದ್ದರೆ 530. ನನಗೆ ಬಂದದ್ದು 530. ಆದರೆ ಆ ಉತ್ತರವನ್ನು ಪರೀಕ್ಷಿಸುವ ಸಾಲನ್ನೇ ನಾನು ಬರೆದಿರಲಿಲ್ಲ. ಸಾಲದ್ದಕ್ಕೆ ಎಚ್ಚರಿಕೆ ಸಂದೇಶಗಳನ್ನೂ ಆಫ್ ಮಾಡಿದ್ದೆ.

ವಿಚಿತ್ರವೆಂದರೆ ಅದೇ ಪಾಸ್‌ವರ್ಡ್ ಫೈಲ್‌ಝಿಲ್ಲಾದಲ್ಲಿ ನಡೆಯುತ್ತಿತ್ತು. ಲ್ಯಾಬ್ ಸರ್ ಪರದೆ ನೋಡಿ, "ಹೊಸ ಪಾಸ್‌ವರ್ಡ್‌ನಾಗ ಡಾಲರ್ ಗುರುತು ಅದ ಏನಪಾ?" ಎಂದರು. ಇತ್ತು. ಡಬಲ್ ಕೋಟ್ ಒಳಗೆ ಡಾಲರ್ ಗುರುತಿನ ನಂತರ ಅಕ್ಷರ ಬಂದರೆ ಪಿಎಚ್‌ಪಿ ಅದನ್ನು ವೇರಿಯಬಲ್ ಎಂದು ತಿಳಿಯುತ್ತದೆ. ಆ ಹೆಸರಿನ ವೇರಿಯಬಲ್ ಇಲ್ಲದಿದ್ದರೆ ಆ ಜಾಗ ಖಾಲಿ. ಹೀಗಾಗಿ ಸರ್ವರಿಗೆ ಅರ್ಧ ಪಾಸ್‌ವರ್ಡ್ ಹೋಗುತ್ತಿತ್ತು. ಸಿಂಗಲ್ ಕೋಟ್ ಹಾಕಿದೆ, 230 ಬಂತು.

ಸ್ಕ್ರಿಪ್ಟ್ ಬರೆದ ಹೊಸತರಲ್ಲಿ ಇದರ ತಿರುವುಮುರುವಾಗಿತ್ತು: ಲಾಗಿನ್ ಆಗುತ್ತಿತ್ತು, ಕಡತ ಹೋಗುತ್ತಿರಲಿಲ್ಲ. ಎಫ್‌ಟಿಪಿಯಲ್ಲಿ ಆದೇಶಕ್ಕೊಂದು ದಾರಿ, ಕಡತಕ್ಕೆ ಇನ್ನೊಂದು. ಎರಡನೆಯದನ್ನು ತೆರೆಯಲು ಸರ್ವರೇ ನಮ್ಮ ಕಡೆ ಬರುತ್ತದೆ, ಲ್ಯಾಬಿನ ರೌಟರ್ ಬಿಡುವುದಿಲ್ಲ. ಲಾಗಿನ್ ಆದ ಮೇಲೆ 'ಎಫ್‌ಟಿಪಿ_ಪಾಸ್ವ್' ಕರೆದರೆ ಆ ದಾರಿಯನ್ನೂ ನಾವೇ ತೆರೆಯುತ್ತೇವೆ. ಲಾಗಿನ್‌ಗೆ ಮೊದಲೇ ಕರೆದರೆ ಉಪಯೋಗವಿಲ್ಲ.

ಬರೀ ಎಫ್‌ಟಿಪಿ ಪಾಸ್‌ವರ್ಡನ್ನು ಬಿಚ್ಚಿಟ್ಟ ಪೋಸ್ಟ್‌ಕಾರ್ಡಿನಂತೆ ಕಳಿಸುತ್ತದೆ. ನಮ್ಮ ಸರ್ವರಿನಲ್ಲಿ ಅನುಕೂಲವಿದ್ದುದರಿಂದ ಸರ್ 'ಎಫ್‌ಟಿಪಿ_ಎಸ್‌ಎಸ್‌ಎಲ್_ಕನೆಕ್ಟ್' ಹಾಕಿಸಿದರು.

ಮುಂದಿನ ಪಟ್ಟಿ ಅದೇ ಸಂಜೆ ಏರಿತು. ಶಹಾಬಾದದ ಗೆಳೆಯ ಮಾತ್ರ ಈಗಲೂ ಪುಟವನ್ನು ನಂಬದೆ ನನಗೇ ಫೋನ್ ಮಾಡಿ ಕೇಳುತ್ತಾನೆ.