ಟೇಕಲ್ಲಿನ ಏರಿನಲ್ಲಿ ಜಾವಾದ ನರಳಿಕೆ

ಮಾಲೂರನ್ನು ದಾಟಿ ಟೇಕಲ್ಲಿಗೆ ಹೋಗುವವರನ್ನು ಮೊದಲು ಎದುರುಗೊಳ್ಳುವುದು ಊರಲ್ಲ, ಬಂಡೆಗಳು. ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಆ ಕಗ್ಗಲ್ಲಿನ ಗುಡ್ಡಗಳ ನೆರೆಯಲ್ಲಿ ಹಳೆಯ ಮೋಟಾರ್ ಸೈಕಲ್ಲನ್ನು ಓಡಿಸಿದರೆ, ಬಯಲಿನ ಗಾಳಿಯಲ್ಲಿ ಕರಗಿಹೋಗುತ್ತಿದ್ದ ಸದ್ದು ಕಲ್ಲಿಗೆ ಬಡಿದು ಸವಾರನ ಕಿವಿಗೇ ಮರಳುತ್ತದೆ. ಭಾನುವಾರದ ಬೆಳಗ್ಗೆ, ತಂದೆಯ ಕಾಲದ ಜಾವಾವನ್ನು ಒರೆಸಿ ಹೊಳಪುಗೊಳಿಸಿ, ಮಡದಿಯನ್ನು ಹಿಂದೆ ಕುಳ್ಳಿರಿಸಿಕೊಂಡು ಬೆಂಗಳೂರಿನಿಂದ ಹೊರಟ ಗೃಹಸ್ಥನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಸಣ್ಣದೊಂದು ಏರು ಬರುತ್ತದೆ. ಗೇರು ಇಳಿಸಲು ಸೋಮಾರಿತನ. ಆಕ್ಸಿಲರೇಟರನ್ನು ತಿರುವಿದೊಡನೆ ತಗಡಿನ ಡಬ್ಬಿಯಲ್ಲಿ ಕಡಲೆಕಾಳನ್ನು ಅಲುಗಿಸಿದಂತಹ ಟಿಣಿಟಿಣಿ ನಾದ! ಗೃಹಸ್ಥನ ಎದೆ ಧಸಕ್ಕೆನ್ನುತ್ತದೆ. ಮರುದಿನ ಮನೆಯ ಬಳಿಯ ಕಾರ್ಖಾನೆಯಲ್ಲಿ, ಗಾಡಿಯನ್ನು ಒಮ್ಮೆಯೂ ಓಡಿಸಿ ನೋಡದೆ, ತೀರ್ಪು ಹೊರಬೀಳುತ್ತದೆ: "ಎಂಜಿನ್ ಬಿಚ್ಚಬೇಕು, ಸ್ವಾಮಿ!"

ಈ ತೀರ್ಪನ್ನು ಅಷ್ಟು ಸುಲಭವಾಗಿ ಒಪ್ಪಬಾರದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜೆಕ್ ದೇಶದ ಲೈಸೆನ್ಸಿನ ಮೇಲೆ ಜಾವಾ ಬೈಕುಗಳನ್ನು ತಯಾರಿಸಿತು. 1973ರ ಬಳಿಕ ಅವೇ ಯೆಜ್ಡಿ ಎಂಬ ಹೆಸರನ್ನು ತಳೆದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂದಿನಿಂದ ಮೂಲ ಬಿಡಿಭಾಗಗಳು ಹಳೆಯ ದಾಸ್ತಾನಿನಿಂದಲೇ ಬರಬೇಕು. ಒಮ್ಮೆ ಬೋರ್ ಮಾಡಿಸಿದರೆ ಸಿಲಿಂಡರಿನ ಗೋಡೆ ಅಷ್ಟು ತೆಳುವಾಗುತ್ತದೆ; ಇಂತಿಷ್ಟು ಸಲ ಮಾತ್ರ ಅದು ತಾಳೀತು. ಕ್ರ್ಯಾಂಕೂ ಒಂದೇ ತುಂಡಲ್ಲ, ಬಿಗಿಯಾಗಿ ಒತ್ತಿ ಕೂಡಿಸಿದ ಭಾಗಗಳದು. ಅದನ್ನು ಬಿಡಿಸಿ ಮತ್ತೆ ನೇರವಾಗಿ ಕೂಡಿಸಬಲ್ಲ ಕೈಗಳು ವಿರಳ. ಆದುದರಿಂದ ಅನಾವಶ್ಯಕವಾಗಿ ಬಿಚ್ಚಿದ ಪ್ರತಿಯೊಂದು ಎಂಜಿನ್ನೂ ತನ್ನ ಆಯುಸ್ಸಿನ ಒಂದು ಭಾಗವನ್ನು ಕಳೆದುಕೊಂಡಂತೆಯೇ.

ಕೆಲವರು ಇದನ್ನು "ಟ್ಯಾಪೆಟ್ ಸದ್ದು" ಎನ್ನುವುದುಂಟು. ಹಾಗೆಂದವರ ಕೈಗೆ ಗಾಡಿಯನ್ನು ಕೊಡದಿರುವುದೇ ಲೇಸು. ಹಳೆಯ ಜಾವಾದ್ದು ಎರಡು ಹೊಡೆತದ ಎಂಜಿನ್. ಅದರಲ್ಲಿ ವಾಲ್ವೇ ಇಲ್ಲ. ವಾಲ್ವಿಲ್ಲದ ಮೇಲೆ ಟ್ಯಾಪೆಟ್ ಎಲ್ಲಿಂದ ಬರಬೇಕು? (2018ರಲ್ಲಿ ಇದೇ ಹೆಸರಿನಿಂದ ಮರಳಿ ಬಂದ ಹೊಸ ಬೈಕುಗಳ ಜಾತಿಯೇ ಬೇರೆ, ಅವುಗಳಿಗೆ ಇಲ್ಲಿನ ಮಾತು ಅನ್ವಯಿಸದು.)

ಸದ್ದಿನ ಗುಣವನ್ನು ತಿಳಿಯಬೇಕಾದರೆ ಅದು ಯಾವಾಗ ಹುಟ್ಟುತ್ತದೆ, ಯಾವಾಗ ಅಡಗುತ್ತದೆ ಎಂಬುದನ್ನು ಗಮನಿಸಬೇಕು. ತಣ್ಣಗಿದ್ದಾಗ ಕಟಕಟ ಎಂದು, ಕಾವೇರಿದಂತೆ ಮೆಲ್ಲನಾದರೆ ಅದು ಪಿಸ್ಟನ್ ಗೋಡೆಗೆ ತಾಗುವ ಸದ್ದು. ಬಹುಕಾಲ ಅದರೊಡನೆ ಬಾಳಬಹುದು. ಕ್ಲಚ್ಚನ್ನು ಹಿಡಿದಾಗ ಬದಲಾಗುವ ಗಲಾಟೆ ಎಡಗಡೆಯ ಕವಚದೊಳಗಿನ ಕ್ಲಚ್ಚು ಅಥವಾ ಚೈನಿಗೆ ಸೇರಿದ್ದು. ಭಾರ ಬಿದ್ದಾಗ ಆಳದಿಂದ ಢಕ್ ಢಕ್ ಎಂದು ಬಡಿಯುವುದು ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗು. ಫುಟ್‌ರೆಸ್ಟಿನ ಮೂಲಕ ಪಾದಕ್ಕೆ ತಿಳಿಯುವ ಗುಡುಗು ಮುಖ್ಯ ಬೇರಿಂಗಿನದು. ಇವೆರಡು ನಿಶ್ಚಯವಾದರೆ ಮಾತ್ರ ಎಂಜಿನ್ ಬಿಚ್ಚುವ ಮಾತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರೆ ವೈದ್ಯನ ಸ್ಟೆತಾಸ್ಕೋಪಿನಂತೆ ಅದು ನೋವಿನ ಜಾಗವನ್ನು ತೋರಿಸುತ್ತದೆ. ಇದಕ್ಕೂ ಮೊದಲು ಸೈಲೆನ್ಸರಿನ ಕ್ಲಾಂಪು, ಮಡ್‌ಗಾರ್ಡು, ಟೂಲ್‌ಬಾಕ್ಸುಗಳನ್ನು ಕೈಯಿಂದ ಅಲುಗಿಸಿ ನೋಡುವುದು ವಿವೇಕ. ಎಷ್ಟೋ "ಎಂಜಿನ್ ರೋಗ"ಗಳು ಒಂದು ನಟ್ಟನ್ನು ಬಿಗಿದಲ್ಲಿ ವಾಸಿಯಾಗಿವೆ.

ಟೇಕಲ್ಲಿನ ಏರಿನಲ್ಲಿ ಕೇಳಿದ ಟಿಣಿಟಿಣಿಯಾದರೋ ಬೇರೆಯೇ ಬಗೆಯದು. ಭಾರ ಹೊತ್ತು ಏರುವಾಗ ಮಾತ್ರ ಬರುವುದು, ಆಕ್ಸಿಲರೇಟರನ್ನು ತುಸು ಸಡಿಲಿಸಿದರೆ ನಿಲ್ಲುವುದು ಅದರ ಲಕ್ಷಣ. ಇದು ಸವೆತಕ್ಕಿಂತ ಹೆಚ್ಚಾಗಿ ಬೆಂಕಿಯ ಸದ್ದು. ಪ್ಲಗ್ಗಿನ ಕಿಡಿ ತುಂಬ ಮುಂಚೆ ಹೊತ್ತಿದರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡವು ಮಿತಿಮೀರಿ, ಉಳಿದ ಅನಿಲವು ಹದವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದ ನಾದವೇ ಇದು. ಅಲಕ್ಷಿಸಿದರೆ ಪಿಸ್ಟನ್ನಿನ ತಲೆಯೇ ತೂತಾದೀತು. ಕಿಕ್ ಹೊಡೆದಾಗ ಲಿವರು ತಿರುಗಿ ಪಾದಕ್ಕೆ ಒದೆಯುವುದೂ ಇದೇ ದೋಷದ ಇನ್ನೊಂದು ಮುಖ. ಕಿಡಿ ತಡವಾದರೆ ಸದ್ದಿರುವುದಿಲ್ಲ, ಸುಖವೂ ಇರುವುದಿಲ್ಲ: ಎಂಜಿನ್ ಕಾದು ಕೆಂಡವಾಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ.

ಹಳೆಯ 250ರ ಜಾವಾದಲ್ಲಿ ಪಿಸ್ಟನ್ ತುದಿಯನ್ನು ಮುಟ್ಟಲು ಸುಮಾರು 3 ಮಿಲಿಮೀಟರ್ ಇರುವಾಗ ಕಿಡಿ ಬರಬೇಕು. ನಿಖರವಾದ ಅಂಕಿಗೆ ಆಯಾ ಮಾದರಿಯ ಕೈಪಿಡಿಯೇ ಪ್ರಮಾಣ. ನಿಮಿಷಕ್ಕೆ 4000 ಸುತ್ತಿನಲ್ಲಿ ಆ 3 ಮಿಲಿಮೀಟರನ್ನು ದಾಟಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ! ಈ ಸೂಕ್ಷ್ಮಕಾಲವನ್ನು ಕಾಯುವುದು ಬಲಗಡೆಯ ಮುಚ್ಚಳದೊಳಗಿನ ಪುಟ್ಟ ಜೋಡಿ, ಕಾಂಟ್ಯಾಕ್ಟ್ ಪಾಯಿಂಟುಗಳು. ಅವು ತೆರೆದ ಕ್ಷಣದಲ್ಲಿಯೇ ಕಿಡಿ.

ಹಲವರು ಎಡವುವುದು ಇಲ್ಲಿಯೇ. ಪಾಯಿಂಟುಗಳ ನಡುವಿನ ಅಂತರವನ್ನು ಮೊದಲು ಸರಿಪಡಿಸದೆ ಟೈಮಿಂಗಿಗೆ ಕೈಹಾಕಿದರೆ ಶ್ರಮವೆಲ್ಲ ವ್ಯರ್ಥ. ಅಂತರ ಹೆಚ್ಚಾದರೆ ಪಾಯಿಂಟು ಬೇಗ ತೆರೆದು ಕಿಡಿ ಮುಂದಾಗುತ್ತದೆ, ಕಡಿಮೆಯಾದರೆ ಹಿಂದಾಗುತ್ತದೆ. ಮುಖಗಳನ್ನು ಶುಚಿಗೊಳಿಸಿ, ಅತಿ ಹೆಚ್ಚು ತೆರೆದ ಸ್ಥಿತಿಯಲ್ಲಿ ಫೀಲರ್ ಗೇಜಿನಿಂದ ಸಾಮಾನ್ಯವಾಗಿ 0.4 ಮಿಲಿಮೀಟರಿಗೆ ಹೊಂದಿಸಬೇಕು. ಆಮೇಲೆ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರಕ್ಕೆ ಡಯಲ್ ಗೇಜನ್ನು ಕೂಡಿಸಿ ಪಿಸ್ಟನ್ನಿನ ತುದಿಸ್ಥಾನವನ್ನು ಗುರುತಿಸುವುದು. ಗೇಜಿಲ್ಲದವರು ಗೆರೆ ಹಾಕಿದ ಕಡ್ಡಿಯನ್ನು ಇಳಿಬಿಡುತ್ತಾರೆ. ರಂಧ್ರ ಓರೆಯಾಗಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ, ಅಲ್ಲದೆ ಪಿಸ್ಟನ್ನಿಗೆ ಗೀರು ಬೀಳುವ ಭಯ ಬೇರೆ.

ಪಾಯಿಂಟಿನ ತಂತಿಗೂ ಎಂಜಿನ್ನಿನ ಮೈಗೂ ನಡುವೆ 6 ವೋಲ್ಟಿನ ಪುಟ್ಟ ಬಲ್ಬೊಂದನ್ನು ಸೇರಿಸಿ ಕೀಲಿಯನ್ನು ತಿರುಗಿಸಿದರೆ, ಪಾಯಿಂಟು ತೆರೆದ ಕೂಡಲೇ ಬಲ್ಬು ಉರಿಯುತ್ತದೆ. ಎಂಜಿನ್ನನ್ನು ತುಸು ಹಿಂದಕ್ಕೆ ಸರಿಸಿ, ಅದು ಓಡುವ ದಿಕ್ಕಿನಲ್ಲಿಯೇ ಮೆಲ್ಲಮೆಲ್ಲನೆ ತರಬೇಕು. ತುದಿಗೆ ಕೈಪಿಡಿ ಹೇಳಿದಷ್ಟು ದೂರವಿರುವಾಗ ದೀಪ ಬೆಳಗಿತೇ, ಸರಿ. ಅದಕ್ಕೆ ಮುಂಚೆಯೇ ಬೆಳಗಿದರೆ ಪಾಯಿಂಟಿನ ತಟ್ಟೆಯನ್ನು ಓಟದ ದಿಕ್ಕಿಗೆ, ತಡವಾದರೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುವುದು. ಕೆಲಸ ಮುಗಿದೊಡನೆ ಕೀಲಿ ತೆಗೆಯಲು ಮರೆತರೆ ಕಾಯಿಲು ಸುಡುತ್ತದೆ, ಬ್ಯಾಟರಿ ಬರಿದಾಗುತ್ತದೆ. ಬಲ್ಬಿಲ್ಲದ ಹಳೆಯ ಮೇಸ್ತ್ರಿಗಳು ಸಿಗರೇಟಿನ ತೆಳುಕಾಗದವನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ, ಅದು ಜಾರುವ ಕ್ಷಣವನ್ನು ಬೆರಳಿನಿಂದಲೇ ತಿಳಿಯುತ್ತಿದ್ದರು. ಕಲಿತ ಬೆರಳಿಗೆ ಅದೂ ಸಾಕು.

ಟೈಮಿಂಗು ಸರಿಯಿದ್ದೂ ಟಿಣಿಟಿಣಿ ನಿಲ್ಲದಿದ್ದರೆ? ಸಿಲಿಂಡರಿನ ತಲೆಯಲ್ಲಿ ಕಟ್ಟಿದ ಮಸಿ, ಕ್ರ್ಯಾಂಕಿನ ಹಳೆಯ ಆಯಿಲ್ ಸೀಲಿನಿಂದ ನುಗ್ಗುವ ಗಾಳಿ, ಕಾರ್ಬುರೇಟರಿನಲ್ಲಿ ಅರ್ಧ ಮುಚ್ಚಿದ ಜೆಟ್ಟು, ಇವುಗಳ ಮೇಲೆ ಅನುಮಾನ ಹೋಗಬೇಕು. ನಿಂತಲ್ಲಿ ಜಾವಾ ಏರುಪೇರಾಗಿ ಡುಗ್ ಡುಗ್ ಎನ್ನುವುದನ್ನು ಮಾತ್ರ ಯಾರೂ ರೋಗವೆಂದು ಭಾವಿಸಬಾರದು. ಎರಡು ಹೊಡೆತದ ಎಂಜಿನ್ ಕೆಲವು ಸುತ್ತುಗಳಲ್ಲಿ ಉರಿಯದೆ ಬಿಡುವುದು ಅದರ ಸ್ವಭಾವ. ಆ ತಾಳಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಉಳಿದಿದೆ.

ಗೃಹಸ್ಥನು ಮುಂದಿನ ಭಾನುವಾರ ಅದೇ ಏರಿಗೆ, ಅದೇ ಭಾರದೊಡನೆ, ಅದೇ ಗೇರಿನಲ್ಲಿ ಹೋಗಿ ಕಿವಿಗೊಡಬೇಕು. ಬಂಡೆಗಳು ಶುದ್ಧವಾದ ಡುಗುಡುಗು ದನಿಯನ್ನಷ್ಟೇ ಮರಳಿಸಿದರೆ ಎಂಜಿನ್ ಬಿಚ್ಚುವ ಖರ್ಚು ಉಳಿಯಿತು. ಆದರೂ ಹೊಸ ಪಾಯಿಂಟಿನ ಹಿಮ್ಮಡಿ ಮೊದಮೊದಲು ಬೇಗ ಸವೆಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಫೀಲರ್ ಗೇಜನ್ನು ಮತ್ತೊಮ್ಮೆ ಹೊರತೆಗೆದು, ಕ್ಯಾಮಿಗೆ ತಾಗುವ ಫೆಲ್ಟಿಗೆ ಒಂದೇ ಒಂದು ಹನಿ ಎಣ್ಣೆಯನ್ನು ಬಿಡಬೇಕು.