ಹೇಂಟೆಯ ಆಹಾರವೂ ಮೊಟ್ಟೆಯ ಚಿಪ್ಪೂ

ಹೇಂಟೆಗೆ ಕಾಳನ್ನು ಹೆಚ್ಚಾಗಿ ಹಾಕಿದಷ್ಟೂ ಮೊಟ್ಟೆಗಳು ಹೆಚ್ಚುವುವೆಂದು ನಮ್ಮ ಜನರಲ್ಲಿ ಅನೇಕರು ನಂಬಿರುವರು. ಈ ನಂಬಿಕೆಯು ಅರ್ಧಮಾತ್ರ ಸರಿಯಾದುದು. ಕಾಳಿನಿಂದ ಮೈಗೆ ಶಕ್ತಿ ಬರುವುದು, ಮಿತಿಮೀರಿದರೆ ಕೊಬ್ಬು ಬೆಳೆಯುವುದು. ಆದರೆ ಮೊಟ್ಟೆಯೊಳಗಿನ ಬಿಳಿಯ ಲೋಳೆಗೂ ಹೊರಗಿನ ಚಿಪ್ಪಿಗೂ ಬೇಕಾದ ದ್ರವ್ಯಗಳು ಬರಿಯ ಕಾಳಿನಲ್ಲಿ ಸಾಲುವಷ್ಟಿಲ್ಲ.

ಇವುಗಳಲ್ಲಿ ಚಿಪ್ಪಿನ ವಿಚಾರವು ವಿಶೇಷವಾಗಿ ಮನನಯೋಗ್ಯವಾದುದು. ಹಳದಿಯು ಅಂಡಾಶಯದಿಂದ ಕಳಚಿಕೊಂಡ ಮೇಲೆ ಮೊಟ್ಟೆಯು ಹೊರಬೀಳಲು ಸುಮಾರು 24ರಿಂದ 26 ಗಂಟೆಗಳು ಹಿಡಿಯುವುವು. ಅದರಲ್ಲಿ ಹೆಚ್ಚುಕಡಮೆ 20 ಗಂಟೆಗಳು ಚಿಪ್ಪೊಂದಕ್ಕೇ ಸಲ್ಲುವುವು. ಒಂದು ಚಿಪ್ಪಿನಲ್ಲಿ 2 ಗ್ರಾಮಿಗೂ ತುಸು ಹೆಚ್ಚಾದ ಕ್ಯಾಲ್ಸಿಯಂ ಇರುವುದು. ಇದು ಹೇಂಟೆಯ ಇಡೀ ದೇಹದಲ್ಲಿರುವ ಕ್ಯಾಲ್ಸಿಯಮಿನ ಸುಮಾರು ಹತ್ತನೆಯ ಒಂದು ಪಾಲು! ಈ ಚಿಪ್ಪಿನ ಕೆಲಸವಾದರೋ ಬಹುಮಟ್ಟಿಗೆ ರಾತ್ರಿಯಲ್ಲಿ, ಹಕ್ಕಿಯು ಮೇಯದೆ ಮಲಗಿರುವಾಗ, ನಡೆಯುವುದು. ಆಗ ಕೊರತೆ ಬಿದ್ದುದನ್ನು ಅದು ತನ್ನ ಎಲುಬಿನಿಂದಲೇ ತೆಗೆದುಕೊಳ್ಳುವುದು. ಮೊಟ್ಟೆಯಿಡುವ ಕಾಲವು ಸಮೀಪಿಸಿದಾಗ ಅದರ ಕಾಲೆಲುಬುಗಳ ಪೊಳ್ಳಿನಲ್ಲಿ ಇದಕ್ಕಾಗಿಯೇ ಬೇರೊಂದು ಬಗೆಯ ಎಲುಬು ಶೇಖರವಾಗಿರುವುದು. ಹುಂಜಕ್ಕೆ ಸಹಜವಾಗಿ ಇದಿಲ್ಲ. ಹಗಲಿನಲ್ಲಿ ತುಂಬದೆ ರಾತ್ರಿಯಲ್ಲಿ ಬರಿದಾಗುತ್ತಲೇ ಹೋದರೆ ಈ ಭಂಡಾರವು ಎಷ್ಟು ದಿನ ಬಂದೀತು? ಮೊದಲು ಚಿಪ್ಪು ತೆಳ್ಳಗಾಗುವುದು, ಬಳಿಕ ಬರಿಯ ಪೊರೆಯ ಮೊಟ್ಟೆ ಬೀಳುವುದು, ಕಡೆಗೆ ಹೇಂಟೆಯು ಕಾಲಮೇಲೆ ನಿಲ್ಲಲಾರದಾಗುವುದು. ಅಂಥ ಹಕ್ಕಿಯನ್ನು ಕೆಲಸಕ್ಕೆ ಬಾರದೆಂದು ಕೊಯ್ಯುವ ಮನೆಯವರು ಅದರ ಎಲುಬನ್ನು ಅದಕ್ಕೂ ಮೊದಲೇ ತಿಂದು ಮುಗಿಸಿರುವರೆಂದರೆ ಅತಿಶಯೋಕ್ತಿಯಾಗಲಾರದು.

ಪರಿಹಾರವು ಸುಲಭವಾದುದು. ಕಪ್ಪೆಚಿಪ್ಪಿನ ಅಥವಾ ಸುಣ್ಣಕಲ್ಲಿನ ಚೂರುಗಳನ್ನು, ನುಣ್ಣನೆಯ ಪುಡಿಯಾಗಿಯಲ್ಲ, ಜೋಳದ ಕಾಳಿನ ಗಾತ್ರದಲ್ಲಿ, ಬೇರೆಯಾದ ಬೋಗುಣಿಯೊಂದರಲ್ಲಿ ಮಧ್ಯಾಹ್ನದ ಮೇಲೆ ಇಡಬೇಕು. ದಪ್ಪನೆಯ ಚೂರು ಹೊಟ್ಟೆಯಲ್ಲಿ ಮೆಲ್ಲನೆ ಕರಗಿ ರಾತ್ರಿಯಲ್ಲಿ ಒದಗುವುದು. ಸುಟ್ಟ ಸುಣ್ಣವನ್ನು ಎಂದಿಗೂ ಕೊಡಲಾಗದು. ಮೊಟ್ಟೆಯಿಡದ ಮರಿಗಳಿಗೆ ಇದಾವುದೂ ಬೇಡ. ಅಧಿಕವಾದ ಕ್ಯಾಲ್ಸಿಯಮಿನಿಂದ ಅವುಗಳ ಮೂತ್ರಪಿಂಡಗಳು ಕೆಡುವುವು. ಅಡುಗೆಮನೆಯ ಮೊಟ್ಟೆಚಿಪ್ಪನ್ನೂ ಹುರಿದು ಕುಟ್ಟಿ ಹಾಕಬಹುದು. ಇಡಿಯಾಗಿ ಹಾಕಿದರೆ ಮೊಟ್ಟೆಯನ್ನೇ ಕುಕ್ಕುವ ಚಾಳಿ ಅಂಟೀತು.

ಇನ್ನು ಮೇವಿನ ಮಾತು. ಚೆನ್ನಾಗಿ ಮೊಟ್ಟೆಯಿಡುವ ತಳಿಯ ಹೇಂಟೆಗೆ ದಿನವೊಂದಕ್ಕೆ 100ರಿಂದ 120 ಗ್ರಾಂ ಮೇವು ಬೇಕು. ಅದರ ನೂರು ಪಾಲಿನಲ್ಲಿ 16ರಿಂದ 18 ಪಾಲು ಪ್ರೋಟೀನಿರಬೇಕು. ನಮ್ಮ ರಾಗಿಯಲ್ಲಿರುವುದು ಏಳೆಂಟು ಪಾಲು ಮಾತ್ರ. ಹಿತ್ತಿಲನ್ನು ಕೆದಕುವ ಕೋಳಿಯು ಹುಳುಗಳಿಂದಲೂ ಗೆದ್ದಲಿನಿಂದಲೂ ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಕೊಳ್ಳುವುದು. ಕೂಡಿಹಾಕಿದ ಕೋಳಿಗೆ ಹಿಂಡಿಯನ್ನೋ ಒಣಮೀನಿನ ಪುಡಿಯನ್ನೋ ನಾವೇ ಒದಗಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯು ಮಾತ್ರ ವಿಷಪ್ರಾಯ. ಅಂಥ ಹಿಂಡಿಯನ್ನು ತಿಂದು 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತುವು.

ಬೆಳಕಿನ ಪ್ರಭಾವವೂ ಅಲ್ಪವಲ್ಲ. ಹೇಂಟೆಯು ಬಿಡದೆ ಮೊಟ್ಟೆಯಿಡಲು 14ರಿಂದ 16 ಗಂಟೆಗಳ ಬೆಳಕು ಅನುಕೂಲವಾದುದು. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು 11½ ಗಂಟೆಗೂ ಕಡಮೆ. ಬೆಳಗಿನ ಜಾವದಲ್ಲಿ ಗೂಡಿಗೆ ದೀಪವಿಟ್ಟು ಈ ಅಂತರವನ್ನು ತುಂಬುವರು. ಗರಿಯುದುರುವ ಕಾಲದಲ್ಲಿ ಮಾತ್ರ ಹಕ್ಕಿಯು ತನ್ನ ಸಾರವನ್ನೆಲ್ಲ ಹೊಸ ಗರಿಗಳಿಗೆ ವಿನಿಯೋಗಿಸುವುದರಿಂದ, ಕೆಲವು ವಾರ ಮೊಟ್ಟೆಯನ್ನು ನಿರೀಕ್ಷಿಸದೆ ಅದಕ್ಕೆ ಒಳ್ಳೆಯ ಮೇವನ್ನು ಹಾಕುತ್ತಿರಬೇಕು.