ಮಲ್ಲಿಗೆಯ ಕಂಪು ಹಿಡಿದ ಹಸಿರು ಚಹಾ ಹಾಲು: ಮನೆಯಲ್ಲೇ ತಯಾರಿಕೆ

ಮಲ್ಲಿಗೆ ಬೆಳೆಯುವ ಅನೇಕ ರೈತರ ಮನೆಗಳಲ್ಲಿ ಒಂದೆರಡು ಹಸು ಇಲ್ಲವೆ ಎಮ್ಮೆಗಳೂ ಇರುತ್ತವೆ. ಬೇಸಿಗೆಯಲ್ಲಿ ಹೂವು ಹೇರಳವಾಗಿ ಬಂದು ದರ ಕುಸಿದ ದಿನ, ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ಮೊಗ್ಗುಗಳನ್ನು ಗಿಡದಲ್ಲಿಯೇ ಬಿಡುವುದುಂಟು. ಅದೇ ದಿನ ಬಿಸಿಲಿನಲ್ಲಿ ದಣಿದು ಬಂದವರು ಅಂಗಡಿಯ ಬಣ್ಣದ ಪಾನೀಯಕ್ಕೆ ದುಡ್ಡು ತೆರುತ್ತಾರೆ! ಪಟ್ಟಣದ ಹೋಟೆಲುಗಳಲ್ಲಿ ಈಗ ಹೂವಿನ ಪರಿಮಳದ ಹಸಿರು ಚಹಾವನ್ನು ತಣ್ಣನೆಯ ಹಾಲಿನೊಡನೆ ಕಡೆದು ಮಿಲ್ಕ್‌ಶೇಕ್ ಎಂದು ಮಾರುವುದನ್ನು ಕೆಲವರಾದರೂ ನೋಡಿರಬಹುದು. ಅದಕ್ಕೆ ಬೇಕಾದುದರಲ್ಲಿ ಚಹಾ ಎಲೆ ಮತ್ತು ಸಕ್ಕರೆಗಳನ್ನು ಮಾತ್ರ ಕೊಳ್ಳಬೇಕು. ಹಾಲು, ಕೆನೆ, ಹೂವು ಮೂರೂ ಮನೆಯವೇ. ಆದರೆ ತೋಟದ ಹೂವೆಲ್ಲ ಬಾಯಿಗೆ ಯೋಗ್ಯವಲ್ಲ. ಆದುದರಿಂದ ಮೊದಲು ಹೂವಿನ ವಿಚಾರ.

ಮಾರುವ ಹೂವು ಬೇಡ

ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳುವಿನ ಕಾಟ ಹೆಚ್ಚು. ಮಾರಾಟದ ತೋಟಗಳಲ್ಲಿ ಅದಕ್ಕಾಗಿ ಪದೇ ಪದೇ ಔಷಧಿ ಹೊಡೆಯುತ್ತಾರೆ. ತರಕಾರಿಯಾದರೆ ಸಿಂಪರಣೆಯ ನಂತರ ಇಂತಿಷ್ಟು ದಿನ ಕೊಯ್ಲು ಮಾಡಬಾರದೆಂಬ ನಿಯಮವನ್ನು ಪಾಲಿಸಬಹುದು. ಮಲ್ಲಿಗೆಯನ್ನು ದಿನವೂ ಬಿಡಿಸಬೇಕು. ಇಂದು ಸಿಂಪಡಿಸಿದರೆ ನಾಳಿನ ಹೂವನ್ನು ಬಿಡುವವರು ಯಾರು? ಮುಡಿಗೆ, ಪೂಜೆಗೆ ಹೋಗುವ ಹೂವು ತಾನೇ ಎಂದು ನಡೆದುಬಿಡುತ್ತದೆ. ಅದೇ ಹೂವು ಲೋಟದೊಳಕ್ಕೆ ಬಂದಾಗ ಲೆಕ್ಕವೇ ಬೇರೆ. ಅಂತರ್ವ್ಯಾಪಿ ಕೀಟನಾಶಕಗಳು ಗಿಡದ ರಸದಲ್ಲಿ ಸೇರಿ ಮೊಗ್ಗಿನವರೆಗೂ ತಲುಪುತ್ತವೆ. ತೊಳೆದರೆ, ಉಪ್ಪು ನೀರಿನಲ್ಲಿ ನೆನೆಸಿದರೆ ಅವು ಹೋಗುವುದಿಲ್ಲ. ಮಾರುಕಟ್ಟೆಯಿಂದ ತಂದ ಹೂವನ್ನಂತೂ ಯಾವ ಕಾರಣಕ್ಕೂ ಉಪಯೋಗಿಸಬಾರದು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಅಡಿಗೆಮನೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕಾರು ಗಿಡಗಳನ್ನು ಮನೆಗೆಂದೇ ಹೊಸದಾಗಿ ನೆಟ್ಟು, ಆರಂಭದಿಂದಲೂ ಔಷಧಿ ಸೋಕದಂತೆ ಬೆಳೆಸಬೇಕು. ತೋಟದಲ್ಲಿ ಸಿಂಪಡಿಸುವಾಗ ಗಾಳಿಗೆ ಹನಿ ತೂರಿ ಬರದಷ್ಟು ದೂರವಿರಲಿ. ಹುಳು ತಿಂದ ಮೊಗ್ಗುಗಳನ್ನು ಆಗಾಗ ಕೈಯಿಂದ ಆರಿಸಿ ನಾಶಮಾಡಿದರೆ ಸಾಕು. ಮನೆಯ ಗಿಡದಲ್ಲಿ ಕಾಲು ಭಾಗ ಹುಳುವಿನ ಪಾಲಾದರೂ ನಷ್ಟವೇನೂ ಇಲ್ಲ.

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ದುಂಡು ಮಲ್ಲಿಗೆ ಎಂದು ಕರೆಯುವ ಬಗೆಗಳು ಈ ಕೆಲಸಕ್ಕೆ ಉತ್ತಮ. ಕಾಕಡದ ಕಂಪು ಸಾಲದು. ಬಿಳಿಯ ಬಣ್ಣ ನೋಡಿ ಮಕ್ಕಳು ನಂದಿಬಟ್ಟಲನ್ನೋ ಕಣಗಿಲೆಯನ್ನೋ ಬೆರೆಸದಂತೆ ಎಚ್ಚರ ವಹಿಸಬೇಕು. ಕಣಗಿಲೆಯ ಹೂವು, ಎಲೆ, ಕಾಂಡ ಎಲ್ಲವೂ ವಿಷ.

ಹೂವಿನಿಂದ ಎಲೆಗೆ ಕಂಪು

ಹೂವಿನ ಪರಿಮಳ ಬೇಕೆಂದಾಗ ಕುದಿಯುವ ಹಾಲಿಗೆ ಹೂವನ್ನೇ ಹಾಕಿಬಿಡುವುದು ಹಲವರಿಗೆ ತೋರುವ ಉಪಾಯ. ಹಾಗೆ ಮಾಡಿದರೆ ಕಂಪು ಹಬೆಯೊಡನೆ ಹಾರಿಹೋಗಿ, ಬೆಂದ ಸೊಪ್ಪಿನ ವಾಸನೆ, ಸ್ವಲ್ಪ ಕಹಿ ಉಳಿಯುತ್ತವೆ. ಸರಿಯಾದ ವಿಧಾನವನ್ನು ಚೀನಾ ದೇಶದವರಿಂದ ಕಲಿಯಬೇಕು. ಆ ದೇಶದ ಫುಜಿಯಾನ್ ಪ್ರಾಂತ್ಯದ ಫುಜೌ ನಗರದ ಸುತ್ತಮುತ್ತ ಮಲ್ಲಿಗೆ ಮತ್ತು ಚಹಾಗಳನ್ನು ಜೊತೆಯಾಗಿ ಬೆಳೆಯುವ ಪದ್ಧತಿ ಬಹಳ ಹಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಅದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯಮಾಡಿತು. ಅಲ್ಲಿ ಬಳಸುವ ಮಲ್ಲಿಗೆಯೂ ನಮ್ಮ ದುಂಡು ಮಲ್ಲಿಗೆಯೂ ಒಂದೇ ಜಾತಿಯವು. ಈ ಗಿಡ ಭಾರತದ ಕಡೆಯಿಂದಲೇ ಆ ದೇಶಕ್ಕೆ ಹೋದುದೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ.

ಅವರು ಕುದಿಸುವುದೇ ಇಲ್ಲ. ಒಣಗಿದ ಚಹಾ ಎಲೆಗೆ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರುವ ಗುಣವಿದೆ. ಹಗಲಿನಲ್ಲಿ ಬಿಗಿದಿದ್ದ ಮಲ್ಲಿಗೆ ಮೊಗ್ಗು ರಾತ್ರಿ ಅರಳುವಾಗ ಕಂಪು ಬಿಡುತ್ತದೆ. ಇವೆರಡನ್ನೂ ಒಂದೆಡೆ ಮುಚ್ಚಿಟ್ಟರೆ ಮಿಕ್ಕ ಕೆಲಸ ತಾನಾಗಿಯೇ ನಡೆಯುತ್ತದೆ.

ಹಸಿರು ಚಹಾ ಎಂದರೆ ಚಿಗುರನ್ನು ಕಿತ್ತ ಕೂಡಲೆ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿಮಾಡಿ, ಕಪ್ಪಾಗದಂತೆ ತಡೆದು ಒಣಗಿಸಿದ ಎಲೆ. ನಾವು ದಿನವೂ ಕುದಿಸುವ ಕಪ್ಪು ಪುಡಿಯ ವಾಸನೆ ಜೋರಾದುದರಿಂದ ಈ ಪಾನೀಯಕ್ಕೆ ಅದು ಒಗ್ಗುವುದಿಲ್ಲ. ನೀಲಗಿರಿಯ ಹಸಿರು ಚಹಾ ಅಂಗಡಿಗಳಲ್ಲಿ ಸಿಗುತ್ತದೆ. ನಿಂಬೆ, ಶುಂಠಿ ಮುಂತಾದುವನ್ನು ಬೆರೆಸದ ಬಿಡಿ ಎಲೆಯನ್ನೇ ಕೇಳಿ ಕೊಳ್ಳಬೇಕು.

ಇಳಿಹೊತ್ತಿನಲ್ಲಿ, ಆ ರಾತ್ರಿ ಅರಳುವಂಥ ಬಲಿತ ಬಿಳಿಯ ಮೊಗ್ಗುಗಳನ್ನು ಬಿಡಿಸಬೇಕು. ಹಸಿರು ಛಾಯೆಯ ಎಳೆ ಮೊಗ್ಗು ಅರಳುವುದಿಲ್ಲ. ಮೊಗ್ಗಿನ ಮೇಲೆ ನೀರಿನ ಹನಿ ಇರಬಾರದು. 100 ಗ್ರಾಂ ಚಹಾ ಎಲೆಗೆ ಸುಮಾರು 50 ಗ್ರಾಂ ಮೊಗ್ಗು ಸಾಕು. ಬೇರೆ ಯಾವ ವಾಸನೆಯೂ ಇಲ್ಲದ ಸ್ಟೀಲ್ ಡಬ್ಬಿಯಲ್ಲಿ ಒಂದು ಪದರ ಎಲೆ, ಒಂದು ಪದರ ಮೊಗ್ಗು ಹೀಗೆ ಹರಡಿ, ಮೇಲಿನ ಪದರ ಎಲೆಯದೇ ಇರುವಂತೆ ಮಾಡಿ, ತೆಳುವಾದ ಬಟ್ಟೆ ಕಟ್ಟಿ ತಟ್ಟೆ ಮುಚ್ಚಬೇಕು. ಮಲಗುವ ಮುನ್ನ ಒಮ್ಮೆ ಮೆಲ್ಲಗೆ ಕೈಯಾಡಿಸಬೇಕು. ಇಲ್ಲದಿದ್ದರೆ ನಡುವೆ ಬಿಸಿ ಕಟ್ಟಿಕೊಂಡು ಮುಗ್ಗಲು ವಾಸನೆ ಬರುತ್ತದೆ.

ಬೆಳಿಗ್ಗೆ ಹೂವುಗಳನ್ನು ಒಂದೂ ಬಿಡದಂತೆ ಆರಿಸಿ ತೆಗೆಯಬೇಕು. ಬಾಡಿದ ಎಸಳು ಉಳಿದರೆ ಎಲೆಯೆಲ್ಲ ಕೆಡುತ್ತದೆ. ಎಲೆಯನ್ನು ಆಗಲೇ ಡಬ್ಬಿಗೆ ತುಂಬುವಂತಿಲ್ಲ. ಹೂವಿನ ತೇವವನ್ನು ಹೀರಿ ಅದು ಮೆದುವಾಗಿರುತ್ತದೆ. ಬಿಸಿಲಿಗೆ ಹಾಕಿದರೆ ರಾತ್ರಿಯ ಶ್ರಮವೆಲ್ಲ ವ್ಯರ್ಥ. ಅಡಿಗೆ ಮುಗಿದ ಒಲೆಯ ಮೇಲೆ, ಅಂಗೈ ತಾಳುವಷ್ಟು ಬೆಚ್ಚಗಿರುವ ಅಗಲವಾದ ಬಾಣಲೆಯಲ್ಲಿ ತೆಳ್ಳಗೆ ಹರಡಿ ಒಣಗಿಸಬೇಕು. ಸಾಕಷ್ಟು ಒಣಗಿತೇ ಎಂದು ತಿಳಿಯಲು ಹೂ ತೂಗುವ ತಕ್ಕಡಿಯೇ ಸಾಕು. ಮೊದಲು 100 ಗ್ರಾಂ ಇದ್ದುದು ಬೆಳಿಗ್ಗೆ ಹೆಚ್ಚು ತೂಗುತ್ತದೆ. ಮತ್ತೆ 100 ಗ್ರಾಮಿಗೆ ಇಳಿದು, ಬೆರಳಲ್ಲಿ ಹಿಡಿದರೆ ಪಟ್ಟನೆ ಮುರಿಯುವಂತಾದಾಗ ಸರಿಯಾಯಿತು. ಹೀಗೆ ಹೊಸ ಮೊಗ್ಗು ಹಾಕಿ ಮೂರು ರಾತ್ರಿ ಮಾಡಿದರೆ ಕಂಪು ಚೆನ್ನಾಗಿ ಹಿಡಿಯುತ್ತದೆ. ಒಂದೇ ರಾತ್ರಿಯದು ಬಿಸಿ ನೀರಿನಲ್ಲಿ ತಿಳಿದೀತೇ ವಿನಾ ಹಾಲಿನಲ್ಲಿ ಮರೆಯಾಗುತ್ತದೆ. ಸಿದ್ಧವಾದ ಎಲೆಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಇಂಗು ಮತ್ತು ಕಾಫಿ ಪುಡಿಗಳಿಂದ ದೂರ ಇಡಬೇಕು. ಈ ಎಲೆಗೆ ಮಲ್ಲಿಗೆ, ಇಂಗು ಎಂಬ ಭೇದವಿಲ್ಲ!

ಹಾಲಿನೊಡನೆ ಕಡೆಯುವುದು

ಎರಡು ಲೋಟ ಪಾನೀಯಕ್ಕೆ 400 ಮಿಲಿ ಲೀಟರ್ ಹಾಲನ್ನು ಕಾಯಿಸಿ, 300 ಮಿಲಿ ಲೀಟರಿಗೆ ಬತ್ತಿಸಿ, ನಾಲ್ಕು ಟೀ ಚಮಚ ಸಕ್ಕರೆ ಕರಗಿಸಿ ತಣ್ಣಗಾಗಲು ಬಿಡಬೇಕು. ಎಮ್ಮೆ ಹಾಲಾದರೆ ಉತ್ತಮ. ಮಿಶ್ರತಳಿ ಹಸುವಿನ ಹಾಲು ತೆಳುವಾದುದರಿಂದ ಎರಡು ಚಮಚ ಕೆನೆ ಸೇರಿಸಬೇಕಾದೀತು. ಹಸಿ ಹಾಲನ್ನು ಯಾವಾಗಲೂ ಬಳಸಕೂಡದು. ಬೆಲ್ಲ ಹಾಕಬಹುದೇ ಎಂದು ಗೃಹಿಣಿಯರು ಕೇಳುವುದು ಸಹಜ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಸಂಭವವಿದೆ. ತಣ್ಣಗಾದ ಮೇಲೆ ಹಾಕಿದರೂ ಬೆಲ್ಲದ ಪರಿಮಳ ಮಲ್ಲಿಗೆಯನ್ನು ಮುಚ್ಚುತ್ತದೆ. ಏಲಕ್ಕಿಯೂ ಬೇಡ.

ಚಹಾ ಇಳಿಸಲು 100 ಮಿಲಿ ಲೀಟರ್ ನೀರನ್ನು ಕುದಿಸಿ, ಒಲೆಯಿಂದ ಕೆಳಗಿಳಿಸಿ, ಕುದಿ ಪೂರ್ತಿ ಅಡಗಿ ಒಂದೆರಡು ನಿಮಿಷ ಕಳೆದ ಮೇಲೆ ಎರಡು ಟೀ ಚಮಚ ಎಲೆ ಹಾಕಿ ಮುಚ್ಚಬೇಕು. ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಶಾಖ ಸಾಕು. ಮೂರು ನಿಮಿಷಕ್ಕೆ ಸರಿಯಾಗಿ ಶೋಧಿಸಬೇಕು. ಕುದಿಯುವ ನೀರಿಗೆ ಹಾಕಿದರೆ, ಹೆಚ್ಚು ಹೊತ್ತು ಬಿಟ್ಟರೆ, ಎಲೆಯನ್ನು ಹಿಂಡಿದರೆ ಕಹಿಯೂ ಒಗರೂ ಇಳಿಯುತ್ತವೆ. ಬರಿಯ ಚಹಾ ಕುಡಿಯುವವರಿಗೆ ಈ ಅಳತೆ ಗಟ್ಟಿಯೆನಿಸಬಹುದು. ಆದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ತನ್ನೊಡನೆ ಕಟ್ಟಿಕೊಳ್ಳುವುದರಿಂದ, ತೆಳುವಾದ ಚಹಾ ಹಾಕಿದರೆ ರುಚಿಯೇ ತಿಳಿಯುವುದಿಲ್ಲ.

ಹಾಲು, ಚಹಾ ಎರಡನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ತಣ್ಣಗೆ ಮಾಡಿಯೇ ಬೆರೆಸಬೇಕು. ಫ್ರಿಜ್ ಇಲ್ಲದವರು ಪಾತ್ರೆಗಳನ್ನು ತಣ್ಣೀರಿನ ಗಡಿಗೆಯ ಮೇಲಿಟ್ಟು ಒದ್ದೆ ಬಟ್ಟೆ ಸುತ್ತಬಹುದು. ಆದರೆ ಬೇಸಿಗೆಯಲ್ಲಿ ಹಾಲನ್ನು ಹೀಗೆ ಒಂದು ಗಂಟೆಗಿಂತ ಹೆಚ್ಚು ಇಡುವುದು ಕ್ಷೇಮವಲ್ಲ. ಬೆರೆಸಿದ ಮೇಲೆ ಮಿಕ್ಸಿಯಲ್ಲಿ ಅರ್ಧ ನಿಮಿಷ, ಕಡಗೋಲಿನಲ್ಲಾದರೆ ಎರಡು ಮೂರು ನಿಮಿಷ ಕಡೆದರೆ ನೊರೆಯೆದ್ದು ನುಣುಪಾಗುತ್ತದೆ. ಕೆನೆ ಹಾಕಿದಾಗ ಅತಿಯಾಗಿ ಕಡೆದರೆ ಬೆಣ್ಣೆಯ ಕಾಳು ತೇಲುತ್ತದೆಂಬುದನ್ನು ಹೈನು ಮಾಡುವವರಿಗೆ ಹೇಳಬೇಕಾಗಿಲ್ಲ. ಕಡೆದುದನ್ನು ಆಗಲೇ ಕುಡಿಯಬೇಕು.

ಯಾರು, ಯಾವಾಗ ಕುಡಿಯಬೇಕು?

ಹಸಿರು ಚಹಾ ಸರ್ವರೋಗ ನಿವಾರಕವೆಂಬ ಜಾಹೀರಾತುಗಳು ಬಹಳ. ಹಾಲು, ಕೆನೆ, ಸಕ್ಕರೆ ಸೇರಿದ ಈ ಪಾನೀಯ ಔಷಧಿಯಲ್ಲ. ದಣಿವಿಗೂ ನಾಲಿಗೆಗೂ ಹಿತವಾದುದು, ಅಷ್ಟೇ. ಸಕ್ಕರೆ ಕಾಯಿಲೆ ಇರುವವರು ದೂರವಿರಬೇಕು. ಚಹಾದಲ್ಲಿ ಕೆಫೀನ್ ಇರುವುದರಿಂದ ಚಿಕ್ಕ ಮಕ್ಕಳಿಗೆ ಕೊಡಬಾರದು.

ಇನ್ನೊಂದು ವಿಷಯ ಹೆಚ್ಚು ಮುಖ್ಯ. ರಾಗಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ಚಹಾದ ಒಗರು ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆದುದರಿಂದ ಊಟದ ಜೊತೆಗೆ ಇದನ್ನು ಕುಡಿಯದೆ, ಊಟಕ್ಕೂ ಇದಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆ ನುಂಗುತ್ತಿರುವ ಗರ್ಭಿಣಿಯರು ಮಾತ್ರೆಯ ಹೊತ್ತಿಗೆ ಚಹಾವನ್ನೂ ಹಾಲನ್ನೂ ಮುಟ್ಟದಿರುವುದು ಒಳ್ಳೆಯದು.

ಕಂಪು ಹಿಡಿಸಿದ ಎಲೆ ಒಣ ಪದಾರ್ಥವಾದುದರಿಂದ, ಅದನ್ನು ಪೊಟ್ಟಣ ಕಟ್ಟಿ ಮಾರುವ ಯೋಚನೆ ಮಹಿಳಾ ಸಂಘಗಳಿಗೆ ಬರಬಹುದು. ಮಾರುವ ಮೊದಲು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಮಾಡಿಸುವುದು ಕಡ್ಡಾಯ. ಮನೆಯ ನಾಲ್ಕು ಗಿಡದ ಹೂವು ಮಾರಾಟಕ್ಕೆ ಸಾಲದು. ಆಗ ತೋಟದ ಒಂದು ಮೂಲೆಯನ್ನೇ ಇದಕ್ಕಾಗಿ ಬೇರ್ಪಡಿಸಿ, ಔಷಧಿಯ ಪಂಪನ್ನು ಆ ಸಾಲುಗಳಿಗೆ ಒಯ್ಯಬಾರದೆಂದು ಆಳುಗಳಿಗೂ ಮನೆಯವರಿಗೂ ಸ್ಪಷ್ಟವಾಗಿ ತಿಳಿಸಿರಬೇಕು.